ಮಕಬೂಲಸಾಬನ ಗೋಡೆಯ ಮಾನಪತ್ರ

ದೇಶಪಾಂಡೆ ನಗರ, ಹುಬ್ಬಳ್ಳಿ
೧೨-೨-೧೯೬೧

ಶ್ರೀಮದಖಂಡ ಬಳ್ಳಾರಿ ಬಿಸಿಲು ಸಾಮ್ರಾಜ್ಯಾಧೀಶ್ವರ, ಸರಕಾರಿ ವಕೀಲರ ಕಚೇರಿಯ ಮೂರನೆಯ ಮೇಜಿನ ಏಕಚ್ಛತ್ರಾಧಿಪತಿ, ಹಳೆಯ ದಫ್ತರಗಳ ಧೂಳನ್ನು ನುಂಗಿ ದಕ್ಕಿಸಿಕೊಂಡ ಧೀರ, ಕರಿಕೋಟುಕುಲತಿಲಕ, ಭಾವೀ ಮುನ್ಸೀಫ ಶ್ರೀ ಹನುಮಪ್ಪನವರ ದಿವ್ಯ ಸನ್ನಿಧಾನಕ್ಕೆ, ಹುಬ್ಬಳ್ಳಿ ಕೋರ್ಟಿನ ಕಟ್ಟೆಯ ಮೇಲೆ ಕಕ್ಷಿದಾರರ ಹಾದಿ ಕಾಯುತ್ತ ಕುಳಿತಿರುವ ಬಡ ವಕೀಲ ಗುರುಶಿದ್ದಪ್ಪನು ಮಾಡುವ ಸಾಷ್ಟಾಂಗ ಬಿನ್ನಹಗಳು.

ಲೇ ಹನುಮಾ, ನಿನ್ನ ಪತ್ರ ಬಂತು. ಮುನ್ಸೀಫರ ಹುದ್ದೆಯ ಅರ್ಜಿಯಲ್ಲಿ ಹದಿಮೂರು ಕಲಮುಗಳನ್ನು ತುಂಬಿ, ಹದಿನಾಲ್ಕನೆಯದರ ಎದುರು ಮೂರು ದಿನದಿಂದ ಕುಳಿತಿದ್ದೀಯಂತೆ. ‘ಅರ್ಜಿದಾರನು ಸದಸ್ಯನಾಗಿರುವ ಅಥವಾ ಹಿಂದೆ ಆಗಿದ್ದ ವಕೀಲರ ಸಂಘಗಳ ಹೆಸರು ಮತ್ತು ವಿವರ.’ ಬಾರ್ ಅಸೋಸಿಯೇಶನ್ ಎಂದು ಬರೆದಾಗಿದೆ. ಅದರ ಕೆಳಗೆ ‘ಹಳೇ ಹುಬ್ಬಳ್ಳಿ ವಕೀಲರ ಸಹಾಯ ಸಂಘ’ ಎಂದು ಬರೆಯಬೇಕೋ ಬೇಡವೋ ಎಂದು ಕೇಳಿದ್ದೀ. ಈ ಘನ ನ್ಯಾಯಾಲಯವು ನಿನ್ನ ದಾವೆಯನ್ನು ದಾಖಲಿಸಿಕೊಂಡು, ಎರಡು ಕಪ್ಪು ಚಹಾ ಕುಡಿದು, ಕೆಳಗಿನಂತೆ ತೀರ್ಪು ಕೊಡುತ್ತದೆ.

ಸಂಗತಿ ಏನೆಂದರೆ, ೧೯೫೮ರಿಂದ ಎರಡು ವರ್ಷ ನಾವು ನಾಲ್ಕು ಜನ ವಕೀಲರು ರವಿವಾರಕ್ಕೊಮ್ಮೆ ಹಳೇ ಹುಬ್ಬಳ್ಳಿಯಲ್ಲಿ ಮಕಬೂಲಸಾಬನ ದರ್ಜಿ ಅಂಗಡಿಯಲ್ಲಿ ಕೂತೆವು. ಮನೆ ಖಾಲಿ ಮಾಡಿರೆಂದು ನೋಟೀಸು ಬಂದ ಬಾಡಿಗೆದಾರರಿಗೆ ಪುಕ್ಕಟೆ ಉತ್ತರ ಬರೆದುಕೊಟ್ಟೆವು. ಸಂಘಕ್ಕೆ ಫಲಕವಿರಲಿಲ್ಲ, ಶಿಕ್ಕಾ-ಮೊಹರು ಇರಲಿಲ್ಲ, ಇದ್ದದ್ದು ಮಕಬೂಲಸಾಬನ ಇಸ್ತ್ರಿಪೆಟ್ಟಿಗೆಯ ಕಾವು ಮಾತ್ರ. ಆದರೆ ಸಂಘ ಕಟ್ಟಿದವರು ನಮ್ಮ ಚನ್ನಯ್ಯ ವಕೀಲರು. ಗಿರಣಿ ಮುಷ್ಕರದಲ್ಲಿ ಮೂರು ತಿಂಗಳು ಜೈಲು ಕಂಡವರು. ಪೊಲೀಸರ ಕಣ್ಣಿಗೆ ಅವರ ಬಿಳಿ ಟೊಪ್ಪಿಗೆಯೂ ಕೆಂಪಾಗಿಯೇ ಕಾಣುತ್ತದೆ.

ಆದಕಾರಣ, ಬರೆಯಬಾರದು. ನನ್ನಂಥ ಹತ್ತಿ ಅಡತಿ ವ್ಯಾಪಾರದ ಮನೆತನದವನು ಬರೆದರೆ ‘ಹುಡುಗಾಟ, ಇರಲಿ’ ಅನ್ನುತ್ತಾರೆ. ನೀನು ಬರೆದರೆ ‘ಚಳವಳಿಯವ’ ಅನ್ನುತ್ತಾರೆ. ನಿಮ್ಮ ಓಣಿಯಿಂದ ಮುನ್ಸೀಫನ ಕುರ್ಚಿಯವರೆಗೆ ಇದುವರೆಗೂ ಯಾರೂ ಹೋಗಿಲ್ಲ. ಹೋಗುವ ಮೊದಲನೆಯವನು ಬಾಗಿಲಲ್ಲಿ ನಿಂತು ತನ್ನ ಜಾತಕ ಓದುವುದು ಬೇಡ. ನಿಮ್ಮಪ್ಪ ಗಂಗಪ್ಪ ಕಾಕಾ ಇಪ್ಪತ್ತಾರು ವರ್ಷ ಧಾರವಾಡ ಕೋರ್ಟಿನಲ್ಲಿ ಪಟ್ಟೇವಾಲಾ ಆಗಿ, ಬಾಗಿಲ ಹೊರಗೆ ನಿಂತು ವಾದಿ ಪ್ರತಿವಾದಿಗಳ ಹೆಸರು ಕೂಗಿದವರು. ಅವರ ಮಗ ಒಳಗೆ ಕೂತದ್ದನ್ನು ನಾವು ನೋಡಬೇಕು.

ಖರ್ಚಿನ ಬಗ್ಗೆ ಆದೇಶವಿಲ್ಲ.

ಗುರುಶಿದ್ದ

ಬಳ್ಳಾರಿ
೨೪-೨-೧೯೬೧

ಪ್ರಿಯ ಗುರುಶಿದ್ದ,

ನಿನ್ನ ತೀರ್ಪನ್ನು ಅವ್ವನಿಗೆ ಓದಿ ಹೇಳಿದೆ. ಏಕಚ್ಛತ್ರಾಧಿಪತಿ ಅಂದರೇನು ಎಂದಳು. ಒಂದೇ ಕೊಡೆ ಇರುವ ರಾಜ ಎಂದೆ. “ಅದೂ ಹರದೈತಲ್ಲೋ. ಗುರುಶಿದ್ದಪ್ಪಗ ಹೇಳು, ಒಂದು ಕೊಡೀನರ ಕಳಸು ಅಂತ” ಅಂದಳು.

ಅರ್ಜಿಯನ್ನು ನಿನ್ನೆ ಕಳಿಸಿದೆ. ನೀನು ಹೇಳಿದಂತೆ ಬಾರ್ ಅಸೋಸಿಯೇಶನ್ ಒಂದನ್ನೇ ಬರೆದೆ. ಅಂಚೆಗೆ ಹಾಕಿ ಮನೆಗೆ ಬಂದು ಊಟಕ್ಕೆ ಕೂತಾಗ ತಿಳಿಯಿತು, ನಾನು ಸುಳ್ಳು ಬರೆದಿಲ್ಲ, ಆದರೆ ನಿಜವನ್ನೂ ಬರೆದಿಲ್ಲ.

ಯೋಚಿಸಿ ನೋಡು. ಬಾರ್ ಅಸೋಸಿಯೇಶನ್ನಿನಲ್ಲಿ ನಾವು ಮಾಡಿದ್ದೇನು? ಕೇರಂ ಆಡಿದೆವು, ಚಹಾ ಕುಡಿದೆವು. ಅದನ್ನು ಹೆಮ್ಮೆಯಿಂದ ಬರೆದೆ. ವಕೀಲನಾಗಿ ನಿಜವಾಗಿ ಕೆಲಸ ಮಾಡಿದ್ದು ಮಕಬೂಲಸಾಬನ ಅಂಗಡಿಯಲ್ಲಿ. ಅದನ್ನು ಮುಚ್ಚಿಟ್ಟೆ.

ಅಪ್ಪ ಒಂದು ಮಾತು ಹೇಳುತ್ತಿದ್ದ. “ಹೊರಗ ನಿಂತಾಂವ ಯಾರ ಮಗಾ, ಯಾವ ಊರಾಂವ ಅಂತ ಮೂರು ಸಲ ಕೂಗಿ ಹೇಳಿದ ಮ್ಯಾಲೇ ಒಳಗ ಬಿಡತಾರ. ಒಳಗ ಕುರ್ಚಿ ಮ್ಯಾಲ ಕೂತಾಂವಂದು ಯಾರೂ ಕೂಗೂದಿಲ್ಲ ನೋಡು” ಅನ್ನುತ್ತಿದ್ದ. ಆಗ ನಗುತ್ತಿದ್ದೆ. ಈಗ ನನಗೆ ಹೀಗೆ ಅನ್ನಿಸುತ್ತದೆ: ನ್ಯಾಯ ಕೇಳಲು ಬಂದವನಿಗೆ, ಕುರ್ಚಿಯ ಮೇಲೆ ಕೂತವನು ಮೊದಲು ಎಲ್ಲೆಲ್ಲಿ ಕೂತು ಎದ್ದು ಬಂದವನು ಎಂಬುದು ಗೊತ್ತಿರಬೇಕು, ಗೊತ್ತಾದ ಮೇಲೂ ಅವನು ನಂಬಿದರೆ ಅದೇ ನಂಬಿಕೆ.

ಹಾಗೆಂದು ನನಗೆ ಧೈರ್ಯವಿದೆ ಎಂದಲ್ಲ. ಈ ಕೆಲಸ ತಪ್ಪಿದರೆ ಅವ್ವನ ಮುಖ ಹೇಗೆ ನೋಡಲಿ ಎಂಬ ಭಯವೂ ಅಷ್ಟೇ ಇದೆ. ಕೊನೆಯ ತಾರೀಖು ಮಾರ್ಚ್ ಹದಿನೈದು. ಅದರೊಳಗೆ ಒಂದು ತಿದ್ದುಪಡಿ ಪತ್ರ ಕಳಿಸಿದರೆ ಅರ್ಜಿಯ ಜೊತೆ ಸೇರಿಸುತ್ತಾರೆಂದು ಇಲ್ಲಿಯ ಹಿರಿಯ ಗುಮಾಸ್ತರು ಹೇಳುತ್ತಾರೆ. ಏನು ಮಾಡಲಿ? ನಗೆಚಾಟಿಕೆ ಬಿಟ್ಟು ಲಗೂನೆ ಒಂದು ಸಾಲು ಬರೆ. ನೀನು ‘ಕಳಿಸು’ ಅಂದರೆ ಕಳಿಸುತ್ತೇನೆ.

ನಿನ್ನ
ಹನುಮಪ್ಪ

ಹುಬ್ಬಳ್ಳಿ
೯-೪-೧೯೬೧

ಮಹಾಮಹಿಮ, ತಿದ್ದುಪಡಿ ಚಕ್ರವರ್ತಿಗಳೇ,

ಉತ್ತರ ತಡವಾಯಿತು. ನಮ್ಮ ಕಾಕಾನ ಹತ್ತಿಯ ವ್ಯಾಜ್ಯ, ನೆಗಡಿ, ಒಂದು ಮದುವೆ, ಇನ್ನೊಂದು ನೆಗಡಿ. ಅಷ್ಟರಲ್ಲಿ ತಾರೀಖು ತಾನೇ ದಾಟಿ ಹೋಯಿತು. ಹೋದದ್ದು ಛಲೋ ಆಯಿತು. ಇನ್ನು ಆ ಮಾತು ಬಿಡು.

ಈಗ ಮಹತ್ವದ ವಿಷಯ. ನಮ್ಮ ವಕೀಲರಲ್ಲಿ ಒಬ್ಬನು ನ್ಯಾಯಾಧೀಶನಾದರೆ ಪಾನಸುಪಾರಿ ಮಾಡಿ, ಚೌಕಟ್ಟು ಹಾಕಿದ ಮಾನಪತ್ರ ಓದಿ ಕೊಡುವ ಪದ್ಧತಿ ಉಂಟಲ್ಲ? ಹುಬ್ಬಳ್ಳಿಯಲ್ಲಿ ಈ ವಿದ್ಯೆಗೆ ನನ್ನನ್ನು ಬಿಟ್ಟರೆ ಗತಿ ಇಲ್ಲ. ಹೋದ ವರ್ಷ ಸೋರುವ ಬಾರ್ ರೂಮಿನ ಮಾಳಿಗೆಗೆ ನಾನು ಬರೆದ ಮಾನಪತ್ರವನ್ನು ಕೇಳಿ ಜಡ್ಜ್ ಸಾಹೇಬರೇ ನಕ್ಕು, ಮಾಳಿಗೆ ರಿಪೇರಿ ಮಾಡಿಸಿದ್ದು ಇತಿಹಾಸ. ಆದ್ದರಿಂದ ನಿನ್ನದನ್ನು ಮುಂಗಡವಾಗಿ ಬರೆದಿಟ್ಟಿದ್ದೇನೆ. ಮುರುಗೆಪ್ಪನ ಅಚ್ಚುಕೂಟದಲ್ಲಿ ಯಾರದೋ ಲಗ್ನಪತ್ರಿಕೆಯ ಗಿಳಿಗಳ ಅಂಚು ಉಳಿದಿತ್ತು. ಅದನ್ನೇ ಹಾಕಿ ಎರಡು ಪ್ರತಿ ಹೊಡೆಸಿದೆ. ಆಲಿಸು:

‘ಹೇ ನ್ಯಾಯಗಜಕೇಸರಿ! ಹಳೇ ಹುಬ್ಬಳ್ಳಿ ವಕೀಲರ ಸಹಾಯ ಸಂಘದ ಸಂಸ್ಥಾಪಕರೂ, ಪ್ರಥಮ ಅಧ್ಯಕ್ಷರೂ, ಬಾಡಿಗೆದಾರರ ಪಾಲಿನ ಅಭಯಹಸ್ತರೂ, ಮನೆಮಾಲೀಕರ ಪಾಲಿನ ಸಿಂಹಸ್ವಪ್ನರೂ ಆಗಿ, ಮಕಬೂಲಸಾಬರ ದರ್ಜಿ ಅಂಗಡಿಯೆಂಬ ರಣರಂಗದಲ್ಲಿ ನೂರಾರು ನೋಟೀಸುಗಳ ಶಿರಚ್ಛೇದನ ಮಾಡಿದ ತಮ್ಮ ಕೀರ್ತಿಯು…’

ಸಂಸ್ಥಾಪಕರು ಚನ್ನಯ್ಯನವರು, ಅಧ್ಯಕ್ಷರೇ ಇರಲಿಲ್ಲ ಎಂದು ನೀನು ತಕರಾರು ತೆಗೆಯುತ್ತೀ. ಮಾನಪತ್ರದಲ್ಲಿ ನಿಜ ಬರೆಯುವ ಪದ್ಧತಿ ಇಲ್ಲ.

ಒಂದು ಪ್ರತಿ ನಿನಗೆ ತೆಗೆದಿಟ್ಟಿದ್ದೇನೆ. ಇನ್ನೊಂದನ್ನು ಮಕಬೂಲಸಾಬ ಬಿಡಲಿಲ್ಲ. ಅವನಿಗೆ ಉರ್ದು ಬರುತ್ತದೆ, ಕನ್ನಡ ಅಕ್ಷರ ಬರುವುದಿಲ್ಲ. “ವಕೀಲ್ರ, ಇದರಾಗ ನನ್ನ ದುಕಾನದ ಹೆಸರು ಐತೇನ್ರಿ?” ಎಂದ. ಐತಿ ಎಂದೆ. “ಹನುಮಪ್ಪ ಸಾಹೇಬ್ರು ನನ್ನ ಮನಿ ಉಳಿಸಿಕೊಟ್ಟದ್ದು?” ಅದೂ ಐತಿ ಎಂದೆ. “ಹಂಗಾರ ಕೊಡ್ರಿ ಇತ್ತ” ಎಂದು ಕಿತ್ತುಕೊಂಡು, ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಮೊಳೆ ಹೊಡೆದೇಬಿಟ್ಟ. ಬಂದ ಗಿರಾಕಿಗಳೆಲ್ಲ ಅಳತೆ ಕೊಡುತ್ತ ನಿನ್ನ ಕೀರ್ತಿ ಓದುತ್ತಿದ್ದಾರೆ.

ಗುರುಶಿದ್ದ, ಆಸ್ಥಾನಕವಿ

ಬಳ್ಳಾರಿ
೨೦-೪-೧೯೬೧

ಗುರುಶಿದ್ದ,

ಓದಿ ನಕ್ಕೆ. ಎರಡನೆಯ ಸಲ ಓದಿದಾಗ ನಗು ಬರಲಿಲ್ಲ. ದಯವಿಟ್ಟು ಆ ಕಾಗದವನ್ನು ಅಂಗಡಿಯಿಂದ ತೆಗೆಸು. ನೇಮಕ ಆಗುವ ಮೊದಲು ಪೊಲೀಸರು ಊರಲ್ಲಿ ಗುಟ್ಟಾಗಿ ವಿಚಾರಿಸುತ್ತಾರಂತೆ. ಅರ್ಜಿಯಲ್ಲಿ ಇಲ್ಲದ್ದು ಗೋಡೆಯ ಮೇಲೆ ಇರಬಾರದು.

ಮಕಬೂಲಸಾಬನ ಮನಸ್ಸು ನೋಯದ ಹಾಗೆ ಹೇಳು. ಕೆಲಸ ಆದ ಮೇಲೆ ನಾನೇ ಬಂದು ಮತ್ತೆ ಹಾಕುತ್ತೇನೆ ಅನ್ನು. ಜುಲೈ ಎಂಟಕ್ಕೆ ಬೆಂಗಳೂರಿನಲ್ಲಿ ಸಂದರ್ಶನ. ಅವ್ವ ಈಗಲೇ ಕರಿಕೋಟನ್ನು ಎರಡು ಸಲ ಬಿಸಿಲಿಗೆ ಹಾಕಿದ್ದಾಳೆ.

ಹನುಮಪ್ಪ

(ಕಾರ್ಡು)
ಹುಬ್ಬಳ್ಳಿ
೨೮-೪-೧೯೬೧

ಆಜ್ಞೆ ಶಿರಸಾವಹಿಸಲಾಗಿದೆ. ಸದರಿ ಮಾನಪತ್ರವನ್ನು ಸಕಲ ಮರ್ಯಾದೆಗಳೊಂದಿಗೆ ಗೋಡೆಯಿಂದ ಇಳಿಸಲಾಯಿತು. ಮೊಳೆ ಮಾತ್ರ ಉಳಿದಿದೆ. ಅದರ ಮೇಲೆ ಯಾವ ಬರಹವೂ ಇಲ್ಲ. ನಿಶ್ಚಿಂತೆಯಿಂದ ಓದಿಕೋ.

ಗು.

ಹುಬ್ಬಳ್ಳಿ
೬-೮-೧೯೬೧

ಘನತೆವೆತ್ತ ಮುನ್ಸೀಫ ಮಹಾಶಯರ ಪಾದಾರವಿಂದಗಳಿಗೆ, ಪಾದರಕ್ಷೆಗಳಿಗೆ, ಪಾದರಕ್ಷೆಗಳನ್ನು ಕಾಯುವ ಪಟ್ಟೇವಾಲಾನಿಗೆ ಕ್ರಮವಾಗಿ ನಮಸ್ಕಾರಗಳು.

ಸಂದರ್ಶನ ಮುಗಿದು ತಿಂಗಳಾಯಿತು. ಒಂದು ಸಾಲು ಬರೆಯಲು ಕೈ ಬಾರದೆ? ಪಟ್ಟಿ ಇನ್ನೂ ಹೊರಬಿದ್ದಿಲ್ಲ, ಈಗಲೇ ಇಷ್ಟು ಗರ್ವವೇ? ಇರಲಿ. ನ್ಯಾಯಾಧೀಶರು ಹಳೆಯ ಗೆಳೆಯರ ಜೊತೆ ಸಲಿಗೆ ಇಟ್ಟುಕೊಳ್ಳಬಾರದೆಂದು ಯಾವುದೋ ಪುಸ್ತಕದಲ್ಲಿ ಓದಿದ್ದೇನೆ. ನೀನು ಪುಸ್ತಕದಂತೆ ನಡೆಯುವವನು.

ಜುಲೈಯಲ್ಲಿ ಕಾಕಾನ ಅಪೀಲಿನ ಕೆಲಸಕ್ಕೆ ಎರಡು ದಿನ ನಾನೂ ಬೆಂಗಳೂರಿಗೆ ಬಂದಿದ್ದೆ. ಅಷ್ಟರಲ್ಲಿ ನೀನು ಬಳ್ಳಾರಿಗೆ ಹೊರಟು ಹೋಗಿದ್ದೆಯೆಂದು ಕಾಣುತ್ತದೆ, ಭೆಟ್ಟಿ ಆಗಲಿಲ್ಲ. ಅಲ್ಲಿಯ ಚಹಾ ನೀರು. ಆ ಊರಿನಲ್ಲಿ ಕೊಟ್ಟ ತೀರ್ಪು ಹೇಗಿರಬಹುದೆಂದು ಅದರಿಂದಲೇ ಊಹಿಸಬಹುದು.

ಇಲ್ಲಿ ಪಾನಸುಪಾರಿಗೆ ಬಾರ್ ರೂಮು ಗೊತ್ತು ಮಾಡಿದ್ದೇನೆ. ನಿನ್ನ ಮೌನವನ್ನು ಒಪ್ಪಿಗೆ ಎಂದು ತಿಳಿಯುತ್ತೇನೆ.

ಗುರುಶಿದ್ದ

ಹುಬ್ಬಳ್ಳಿ
೩-೧-೧೯೬೨

ಹನುಮಾ,

ಪಟ್ಟಿ ಬಂತು. ಬಾರ್ ರೂಮಿನಲ್ಲಿ ಎಲ್ಲರೂ ಮುಗಿಬಿದ್ದು ನೋಡಿದರು. ನಾನು ಮೂರು ಸಲ ನೋಡಿದೆ, ನಿನ್ನ ಅಪ್ಪ ಕೂಗುತ್ತಿದ್ದಷ್ಟು ಸಲ.

ಬೇಜಾರು ಮಾಡಿಕೊಳ್ಳಬೇಡ. ಆ ಸಮಿತಿಯವರಿಗೆ ಹೆಸರು ಓದಿದ ಕೂಡಲೇ ಊರು, ಓಣಿ ಎಲ್ಲ ಕಾಣಿಸುತ್ತದೆ. ನಿನ್ನ ವಿದ್ಯೆಗೆ ಅವರು ಬೆಲೆ ಕೊಡಲಿಲ್ಲ, ಅಷ್ಟೇ. ಮುಂದಿನ ವರ್ಷ ಮತ್ತೆ ಹಾಕು. ಅರ್ಜಿಯನ್ನು ನಾನೇ ತುಂಬಿಕೊಡುತ್ತೇನೆ. ಒಂದು ಕಾರ್ಡಾದರೂ ಬರೆ.

ಗುರುಶಿದ್ದ

ಬಳ್ಳಾರಿ
೧೭-೧೧-೧೯೬೩

ಗುರುಶಿದ್ದಪ್ಪನವರಿಗೆ ನಮಸ್ಕಾರ.

ಸಂದರ್ಶನ ಮುಗಿದು ಎರಡು ವರ್ಷ ನಾಲ್ಕು ತಿಂಗಳು ಆಯಿತು. ಬರೆಯಬಾರದೆಂದು ಮಾಡಿದ್ದೆ. ಹೋದ ವಾರ ಸೋದರಮಾವನ ಮಗಳ ಲಗ್ನಕ್ಕೆ ಹುಬ್ಬಳ್ಳಿಗೆ ಬಂದಿದ್ದೆ. ನಿಮ್ಮ ಮನೆಯ ಓಣಿಯವರೆಗೆ ಬಂದು ತಿರುಗಿ ಹೋದೆ. ಆದರೆ ಮಕಬೂಲಸಾಬನನ್ನು ಕಂಡೆ. ಅದಕ್ಕೇ ಈ ಪತ್ರ.

ಸಂದರ್ಶನದಲ್ಲಿ ಮೂವರು ಇದ್ದರು. ಅರ್ಧ ತಾಸು ಕಾಯಿದೆಯ ಪ್ರಶ್ನೆ ಕೇಳಿದರು. ಎಲ್ಲ ಹೇಳಿದೆ. ನಡುವೆ ಕೂತ ಹಿರಿಯರು ತಲೆಯಾಡಿಸುತ್ತಿದ್ದರು. ಕೊನೆಗೆ ಅವರೇ, “ಬಾರ್ ಅಸೋಸಿಯೇಶನ್ ಬಿಟ್ಟು ವಕೀಲರ ಬೇರೆ ಯಾವುದಾದರೂ ಸಂಘದಲ್ಲಿ ಇದ್ದಿರಾ?” ಎಂದರು. ಅರ್ಜಿಯಲ್ಲಿ ಇಲ್ಲದ್ದನ್ನು ಬಾಯಲ್ಲಿ ಹೇಗೆ ಹೇಳಲಿ? ಇಲ್ಲ ಎಂದೆ. ಅಲ್ಲಿಯ ತನಕ ಅದು ಬರೀ ಮೌನವಾಗಿತ್ತು. ಆ ಕ್ಷಣಕ್ಕೆ ಸುಳ್ಳಾಯಿತು.

ಅವರು ಕಡತದಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಬಿಡಿಸಿದರು. ಅಂಚಿಗೆ ಗಿಳಿಗಳಿದ್ದವು. ಮೂಲೆಯಲ್ಲಿ ದರ್ಜಿಯ ನೀಲಿ ಸೀಮೆಸುಣ್ಣದ ಗುರುತು ಇತ್ತು. ‘ಹೇ ನ್ಯಾಯಗಜಕೇಸರಿ’ ಎಂದು ಆರಂಭಿಸಿ ಕೊನೆಯ ಸಾಲಿನವರೆಗೆ ನಿಧಾನವಾಗಿ, ಗಂಭೀರವಾಗಿ ಓದಿದರು. ಯಾರೂ ನಗಲಿಲ್ಲ. “ಸಂಸ್ಥಾಪಕರು, ಪ್ರಥಮ ಅಧ್ಯಕ್ಷರು. ಇದು ನೀವೇ ಅಲ್ಲವೇ? ಸಂಘದಲ್ಲಿ ಯಾಕೆ ಇದ್ದಿರಿ ಎಂದು ನಾನು ಕೇಳುತ್ತಿಲ್ಲ. ಯಾಕೆ ಬರೆಯಲಿಲ್ಲ ಎಂದು ಕೇಳುತ್ತಿದ್ದೇನೆ” ಎಂದರು.

ನನ್ನ ಗೆಳೆಯ ಬೇಡವೆಂದ ಎನ್ನಬಹುದಿತ್ತು. ಅದು ಗೆಳೆಯನ ತಮಾಷೆಯ ಬರಹ ಎನ್ನಬಹುದಿತ್ತು. ಹಾಗಂದರೆ ಆ ಗೆಳೆಯನ ಹೆಸರು ಕೇಳುತ್ತಿದ್ದರು. ನಮಸ್ಕಾರ ಮಾಡಿ ಹೊರಗೆ ಬಂದೆ.

ಕಾಗದ ಅಲ್ಲಿಗೆ ಹೇಗೆ ಹೋಯಿತೆಂದು ಹೋದ ವಾರ ತಿಳಿಯಿತು. ಮಕಬೂಲಸಾಬ ನನ್ನನ್ನು ಕಂಡು ಹೊಲಿಗೆ ಬಿಟ್ಟು ಎದ್ದು ಬಂದ. “ಸಾಹೇಬ್ರ, ಎಲ್ಲಿ ಹೋಗಿದ್ರಿ? ಆವತ್ತ ಜೂನ್ ತಿಂಗಳದಾಗ ಒಬ್ಬ ಸಾದಾ ಬಟ್ಟೀ ಪೊಲೀಸ ಬಂದಿದ್ದಾ. ಹನುಮಪ್ಪ ವಕೀಲರು ಹ್ಯಾಂಗ ಮನಶಾ ಅಂತ ಕೇಳಿದಾ. ನಾ ಏನ್ ಹೇಳ್ಲಿರಿ, ನನಗ ಮಾತು ಬರೂದಿಲ್ಲ. ಗ್ವಾಡಿ ಮ್ಯಾಗಿನ ಕಾಗದಾನ ಕಿತ್ತು ಕೊಟ್ಟೆ. ಓದ್ರಿ, ಇದರಾಗ ಎಲ್ಲಾ ಬರದೈತಿ, ಮ್ಯಾಲಿನ ಸಾಹೇಬ್ರಿಗೂ ತೋರಿಸ್ರಿ ಅಂದೆ” ಎಂದ. ಆಮೇಲೆ ನನ್ನ ಕೈ ಹಿಡಿದು ಕೇಳಿದ: “ಕೆಲಸಕ್ಕ ಬಂತೇನ್ರಿ ಅದು?”

“ಭಾಳ ಕೆಲಸಕ್ಕ ಬಂತು, ಮಕಬೂಲಣ್ಣಾ” ಎಂದೆ.

ಗೋಡೆಯಲ್ಲಿ ಮೊಳೆ ಇತ್ತು. ಅಷ್ಟು ಮಾತ್ರ ನೀನು ನಿಜ ಬರೆದಿದ್ದೆ.

ಅರ್ಜಿ ಹಾಕುವ ವಯಸ್ಸು ಮೀರಿತೆಂದು ಅವ್ವನಿಗೆ ಸುಳ್ಳು ಹೇಳಿದ್ದೇನೆ. ಮತ್ತೆ ಅರ್ಜಿ ಹಾಕಲಿಲ್ಲ. ಹಾಕಿದರೆ ಆ ಕಾಗದವೂ ಕಡತದ ಜೊತೆ ಬರುತ್ತದೆ. ನಿನ್ನ ಮೇಲಿನ ಸಿಟ್ಟು ಒಂದು ವರ್ಷ ಇತ್ತು, ಆಮೇಲೆ ಹೋಯಿತು. ಸಹಿ ನನ್ನದೇ ತಾನೆ. ಉಳಿದಿರುವುದು ಒಂದೇ ಪ್ರಶ್ನೆ. ಮೊದಲೇ ಬರೆದಿದ್ದರೆ ಏನಾಗುತ್ತಿತ್ತು? ನನ್ನನ್ನು ಬಿಟ್ಟದ್ದು ಸಂಘಕ್ಕೋ, ಸುಳ್ಳಿಗೋ, ಓಣಿಗೋ? ಇದು ತಿಳಿದಿದ್ದರೆ ನಿದ್ದೆ ಸರಿಯಾಗಿ ಬರುತ್ತಿತ್ತು.

ಹನುಮಪ್ಪ

ಹುಬ್ಬಳ್ಳಿ
೧-೧೨-೧೯೬೩

ಹನುಮಾ,

ಮೇಲೆ ಏನೂ ಬಿರುದು ಬರೆಯಲಿಲ್ಲ. ನಾಲ್ಕು ಹಾಳೆ ಬರೆದು ಹರಿದೆ. ಎಲ್ಲದರಲ್ಲೂ ನನ್ನ ಕೈ ತಾನೇ ‘ಮಹಾ’ ಎಂದು ಆರಂಭಿಸುತ್ತಿತ್ತು.

ಮಾನಪತ್ರವನ್ನು ನಾನು ತೆಗೆಸಲಿಲ್ಲ. ಆ ಕಾರ್ಡು ಬರೆದ ದಿನ ಅಂಗಡಿಗೆ ಹೋಗಿರಲೇ ಇಲ್ಲ. ರವಿವಾರ ಹೋದರಾಯಿತು ಅಂದುಕೊಂಡೆ. ರವಿವಾರ ಹೋದಾಗ ಮಕಬೂಲಸಾಬ ಒಬ್ಬ ಗಿರಾಕಿಯಿಂದ ಅದನ್ನು ಜೋರಾಗಿ ಓದಿಸಿ ಕೇಳುತ್ತಿದ್ದ. ಗಿರಾಕಿ ‘ಶಿರಚ್ಛೇದನ’ಕ್ಕೆ ಬಂದಾಗ ಎಲ್ಲರೂ ನಕ್ಕರು. ನನ್ನ ಬರಹಕ್ಕೆ ಜನ ನಗುವುದನ್ನು ಕೇಳುತ್ತ ಬಾಗಿಲಲ್ಲಿ ನಿಂತೆ. ಹಾಗೆಯೇ ತಿರುಗಿ ಬಂದೆ. ಅಷ್ಟಕ್ಕಾಗಿ, ಹನುಮಾ.

ನಿನ್ನೆ ಮತ್ತೆ ಹೋಗಿದ್ದೆ. ಮಕಬೂಲಸಾಬನಿಗೆ ನಿಜ ಹೇಳಬೇಕೆಂದೇ ಹೋಗಿದ್ದೆ. “ಹನುಮಪ್ಪ ಸಾಹೇಬ್ರು ಯಾವ ಊರಾಗ ಜಡ್ಜ್ ಆಗ್ಯಾರಂತ್ರಿ?” ಎಂದು ಅವನೇ ಮೊದಲು ಕೇಳಿದ. ದೂರದ ಊರು ಎಂದೆ. ನೀನು ಹೇಳಿದ ಸುಳ್ಳಿಗೆ ನನ್ನದೊಂದು ತೇಪೆ ಹಾಕಿ ಬಂದೆ. ನನ್ನ ಹತ್ತಿರ ಉಳಿದಿದ್ದ ಎರಡನೆಯ ಪ್ರತಿಯನ್ನು ಅವನ ಇಸ್ತ್ರಿಪೆಟ್ಟಿಗೆಯ ಕೆಂಡಕ್ಕೇ ಹಾಕಿದೆ. ಏನದು ಎಂದ. ಹಳೇ ಕಾಗದ ಎಂದೆ.

ನಿನ್ನ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಬರೆದಿದ್ದರೂ ಅವರು ನಿನ್ನನ್ನು ತೆಗೆದುಕೊಳ್ಳುತ್ತಿರಲಿಲ್ಲ. ಚನ್ನಯ್ಯ ವಕೀಲರ ಸಂಘ ಎಂದು ಕಂಡ ಕೂಡಲೇ ಅರ್ಜಿಯನ್ನು ಬದಿಗಿಡುತ್ತಿದ್ದರು, ಸಂದರ್ಶನಕ್ಕೂ ಕರೆಯುತ್ತಿರಲಿಲ್ಲ. ಆದ್ದರಿಂದ ನಿನ್ನ ಸಹಿಯನ್ನು ಹಳಿದುಕೊಳ್ಳಬೇಡ. ಬೈಯುವುದಿದ್ದರೆ ನನ್ನನ್ನು ಬೈ, ಆಮೇಲೆ ಅವ್ವನಿಗೆ ಹೇಳಿ ನಿದ್ದೆ ಮಾಡು. ಕೊಡೆ ಬೇರೆ ಪಾರ್ಸಲ್ಲಿನಲ್ಲಿ ಕಳಿಸಿದ್ದೇನೆ.

ನಿನ್ನ
ಗುರುಶಿದ್ದ

ಇಷ್ಟು ಬರೆದು ಲಕೋಟೆಗೆ ಅಂಟು ಹಚ್ಚಿದ್ದೆ. ಮತ್ತೆ ಒಡೆದೆ. ಒಂದು ಸಣ್ಣ ಸಂಗತಿ ಉಳಿದಿದೆ.

ಆ ಜುಲೈಯಲ್ಲಿ ನಾನು ಬೆಂಗಳೂರಿಗೆ ಬಂದದ್ದು ಕಾಕಾನ ಅಪೀಲಿಗಲ್ಲ. ಅದೇ ಹುದ್ದೆಗೆ ನಾನೂ ಅರ್ಜಿ ಹಾಕಿದ್ದೆ. ಸಿಗದಿದ್ದರೆ ನೀನು ನಗುತ್ತೀ ಎಂದು ಹೇಳಲಿಲ್ಲ. ಮಾರ್ಚ್ ಮೊದಲ ವಾರ ಅರ್ಜಿ ತುಂಬುವಾಗ ತಿದ್ದುಪಡಿ ಕಳಿಸಲೇ ಎಂದು ಕೇಳಿದ ನಿನ್ನ ಪತ್ರ ಮೇಜಿನ ಮೇಲೆ ಬಿಚ್ಚಿಯೇ ಇತ್ತು. ಹದಿನಾಲ್ಕನೆಯ ಕಲಮಿನಲ್ಲಿ ಸಂಘದ ಹೆಸರನ್ನು ದೊಡ್ಡದಾಗಿ ಬರೆದೆ. ನಿನ್ನ ಸಲುವಾಗಿ ಹೆದರಿದ್ದೆ, ನನ್ನ ಸಲುವಾಗಿ ಹೆದರುವ ಕಾರಣವೇ ನನಗೆ ಕಾಣಲಿಲ್ಲ. ವಿವರದ ಜಾಗ ಖಾಲಿ ಉಳಿಯಿತೆಂದು, ‘ನ್ಯಾಯ ಕೇಳಲು ಬಂದವನಿಗೆ’ ಎಂದು ಶುರುವಾಗುವ ನಿನ್ನ ವಾಕ್ಯವನ್ನು ಇದ್ದ ಹಾಗೆ ಇಳಿಸಿದೆ.

ನನ್ನ ಸಂದರ್ಶನ ನಿನ್ನದಾದ ಎರಡು ದಿನಕ್ಕೆ. ಸಾಕ್ಷ್ಯದ ಕಾಯಿದೆಯಲ್ಲಿ ಸೋತು ಬಂದೆ. ಆದರೆ ಅದಕ್ಕೂ ಮೊದಲು ನಡುವೆ ಕೂತ ಹಿರಿಯರು ಹದಿನಾಲ್ಕನೆಯ ಕಲಮನ್ನು ಎರಡು ಸಲ ಓದಿ, “ಇದನ್ನು ಬರೆದದ್ದು ಒಳ್ಳೆಯದಾಯಿತು” ಎಂದು ಹಾಳೆ ತಿರುವಿದರು. ಅವರು ಯಾಕೆ ಹಾಗೆ ಅಂದರೆಂದು ನನಗೆ ಆಗ ತಿಳಿಯಲಿಲ್ಲ, ನಿನ್ನ ಪತ್ರ ಓದಿದ ಮೇಲೆ ತಿಳಿಯಿತು. ಆ ವಾಕ್ಯ ನಿನ್ನದೆಂದು ನಾನು ಹೇಳಲಿಲ್ಲ.